ಅಂಟಿದ ಚೆಂಡು

ಆರ್ಡಿತ್ ಮಜೂರ್ ಬ್ರೆಡ್ ಡಬ್ಬಿಯ ಹಿಂದಿನಿಂದ ಚೆಂಡನ್ನು ಎಳೆದು ಅಡುಗೆಮನೆಯ ಮೇಜಿನ ಮೇಲಿಟ್ಟಳು. ಇಟ್ಟಳೇ ಹೊರತು ಅದರ ಮೇಲಿನ ಕೈ ತೆಗೆಯಲಿಲ್ಲ.

"ಮೊದಲು ಮಾತು ಕೊಡು ಮಗಳೇ. ಇದು ಕ್ಲಬ್ಬಿನವರ ಕೈಗೆ ಹೋಗಬಾರದು."

ರೆನಾಟಾ ಕೋವಾಚ್ ಮಾತು ಕೊಟ್ಟಳು. ಬುಧವಾರದಿಂದ ಈಚೆಗೆ ಅವಳು ಕಂಡಕಂಡವರಿಗೆಲ್ಲ ಮಾತು ಕೊಡುತ್ತಲೇ ಬಂದಿದ್ದಳು, ಅದರ ಜೊತೆಗೆ ಇದೊಂದು. ತಮ್ಮ ಎಮಿಲ್ ಜೈಲಿನಲ್ಲಿದ್ದ. ಅವನು ತಲೆಗೆ ಹೊಡೆದನೆಂದು ಪೊಲೀಸರು ಹೇಳುತ್ತಿದ್ದ ಓರ್ವಿಲ್ ಟ್ಯಾಗರ್ಟ್ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಇವತ್ತು ಮಧ್ಯಾಹ್ನ ಎರಡಕ್ಕೆ ಎಮಿಲ್‌ನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಅಷ್ಟರೊಳಗೆ ಅವನ ಪರವಾಗಿ ಏನಾದರೊಂದು ಸಿಗದಿದ್ದರೆ ಅವನು ಅಲ್ಲೇ ಮುದುಕನಾಗುತ್ತಾನೆ.

ಓರ್ವಿಲ್ ಊರಿನ ಅಮೆರಿಕನ್ ಫುಟ್‌ಬಾಲ್ ತಂಡವಾದ ಹ್ಯಾಮರ್ಸ್‌ನ ಸಾಮಾನು ಕೋಣೆಯ ಯಜಮಾನ. ಎಮಿಲ್ ಅವನ ಕೈಕೆಳಗೆ ಚೆಂಡು ನೋಡಿಕೊಳ್ಳುವವನು. ಬುಧವಾರ ಅವರಿಬ್ಬರ ಜಗಳ ಓಣಿಯಲ್ಲಿ ಹೋಗುತ್ತಿದ್ದವರಿಗೆಲ್ಲ ಕೇಳಿಸಿತ್ತು. ಕೇಳಿಸಿದ್ದೆಲ್ಲ ಒಂದೇ: ಆ ಚೆಂಡು, ಆ ಚೆಂಡು. ಆಮೇಲೆ ಪೊಲೀಸರು ಬಂದಾಗ ಎಮಿಲ್‌ನ ಕೈಗೆ ಓರ್ವಿಲ್‌ನ ರಕ್ತ ಮೆತ್ತಿತ್ತು. ಯಾವ ಚೆಂಡು ಎಂದು ಪೊಲೀಸರು ಕೇಳಿದರೆ ಎಮಿಲ್ ಬಾಯಿಗೆ ಬೀಗ ಹಾಕಿಕೊಂಡು ಕೂತ.

ಹ್ಯಾಡ್ಲಿ ಊರಿನಲ್ಲಿ ಈಗ 'ಆ ಚೆಂಡು' ಎಂದರೆ ಒಂದೇ. ಡಿಸೆಂಬರ್ ಕೊನೆಯ ಹಿಮದ ಆಟದಲ್ಲಿ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆಯುವ ಆಟಗಾರ, ಡೆಲ್ವಿನ್ ಕ್ರೌಡರ್ ಎಸೆದದ್ದು. ಅದನ್ನು ಜಮಾರಿ ಬೂನ್ ಗೆರೆಯಾಚೆ ಹಿಡಿದ, ಟಚ್‌ಡೌನ್ ಆಯಿತು, ನಲವತ್ತು ವರ್ಷ ಯಾರೂ ಮುಟ್ಟದಿದ್ದ ಕ್ಲಬ್ಬಿನ ಟಚ್‌ಡೌನ್ ಎಸೆತಗಳ ದಾಖಲೆಯನ್ನು ಕ್ರೌಡರ್ ಮುರಿದ. ದಾಖಲೆಯ ಚೆಂಡನ್ನು ಓಡಿಬಂದು ತಂಡದವರ ಕೈಗೆ ಕೊಡುವುದು ರೂಢಿ. ಬೂನ್ ಖುಷಿಯಲ್ಲಿ ಅದನ್ನು ಮರೆತು, ಪ್ರತಿ ಸಲದ ಹಾಗೆ, ಎತ್ತಿ ಜನರ ನಡುವೆ ಎಸೆದುಬಿಟ್ಟ. ಅದು ಬಂದು ಬಿದ್ದದ್ದು ಆರ್ಡಿತ್‌ಳ ಗಂಡ ಗಸ್‌ನ ಮಡಿಲಿಗೆ.

ಕ್ಲಬ್ಬಿನವರು ಎದ್ದುಬಿದ್ದು ಓಡಿಬಂದಿದ್ದರು. ಒಂದು ಜೆರ್ಸಿ, ಕ್ರೌಡರ್‌ನ ಸಹಿ ಇದ್ದ ಹೆಲ್ಮೆಟ್ಟು, ಮುಂದಿನ ವರ್ಷದ ಟಿಕೇಟು ಕೊಟ್ಟು ಚೆಂಡು ವಾಪಸು ತೆಗೆದುಕೊಂಡು ಹೋಗಿದ್ದರು. ಅದೀಗ ಕ್ಲಬ್ಬಿನ ಹಜಾರದಲ್ಲಿ ಗಾಜಿನೊಳಗಿದೆ. ಜನ ಮಕ್ಕಳು ಮರಿ ಕಟ್ಟಿಕೊಂಡು ಬಂದು ಸಾಲಲ್ಲಿ ನಿಂತು ಅದರ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ.

ನಿನ್ನೆ ಸಂಜೆ ಹಳೇ ಪತ್ರಿಕೆಯ ಚಿತ್ರ ನೋಡುತ್ತ ಕೂತಿದ್ದ ರೆನಾಟಾಳಿಗೆ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ಗಸ್ ನಗುತ್ತ ಚೆಂಡನ್ನು ಕ್ಲಬ್ಬಿನವನ ಕೈಗೆ ಕೊಡುತ್ತಿದ್ದಾನೆ. ಆದರೆ ಅವನ ಕೋಟು ಹೊಟ್ಟೆಯ ಹತ್ತಿರ ಇನ್ನೂ ಉಬ್ಬಿಕೊಂಡಿದೆ. ಗಸ್ ಕಡ್ಡಿಯಂಥ ಮನುಷ್ಯ.

"ಎರಡು ಚೆಂಡಿತ್ತು," ಆರ್ಡಿತ್ ಒಪ್ಪಿಕೊಂಡಳು. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು, ಸುಳ್ಳು ಹೇಳಿದರೂ ಗಟ್ಟಿ ದನಿಯಲ್ಲೇ ಹೇಳುವವಳು. "ಆಟ ಶುರುವಾದ ಹೊಸದರಲ್ಲೂ ಬೂನ್ ಒಂದು ಟಚ್‌ಡೌನ್ ಮಾಡಿ ನಮ್ ಕಡೇನೇ ಎಸೆದಿದ್ದ. ಅದನ್ನೂ ಇವರೇ ಹಿಡಿದು ಕೋಟೊಳಗೆ ಇಟ್ಕೊಂಡಿದ್ರು. ಕ್ಲಬ್ಬಿನವರು ಬಂದಾಗ ಕೈಗೆ ಯಾವುದು ಸಿಕ್ತೋ ಅದನ್ನ ಕೊಟ್ಟೆ ಅಂತಾರೆ ನಮ್ಮನೆಯವರು. ನಾನಂತೂ ನಂಬಲ್ಲ. ಮದುವೆಯಾದಾಗಿಂದ ನೋಡ್ತಾ ಇದ್ದೀನಿ ಈ ಮನುಷ್ಯನ್ನ."

ಪಕ್ಕದ ಕೋಣೆಯಿಂದ ಗಸ್‌ನ ಕೆಮ್ಮು ಕೇಳಿಸಿತು. ಕೇಳಿಸಿಕೊಂಡೆ ಎನ್ನುವ ಕೆಮ್ಮು ಅದು.

ಆರ್ಡಿತ್ ಕೊನೆಗೂ ಕೈ ತೆಗೆದಳು. ತೆಗೆಯುವಾಗ ಚೆಂಡು ಅವಳ ಅಂಗೈಗೆ ಅಂಟಿಕೊಂಡು ಅರ್ಧ ಇಂಚು ಮೇಲೆದ್ದು ಬಿತ್ತು.

ರೆನಾಟಾ ಮುಟ್ಟಿ ನೋಡಿದಳು. ಬೆರಳು ಕಿತ್ತುಕೊಳ್ಳಬೇಕಾಯಿತು. ಮೂಸಿದಳು. ಪೈನ್ ಮರದ ಗೋಂದಿನ ವಾಸನೆ. ಬೆಳಕಿಗೆ ಹಿಡಿದರೆ ಚರ್ಮದ ಮೇಲೆ ಬಿಳಿ ನೂಲಿನ ಎಳೆಗಳು ಅಲ್ಲಲ್ಲಿ ಕಚ್ಚಿಕೊಂಡಿದ್ದವು. ಟವೆಲ್ಲಿನ ಎಳೆಗಳು.

"ಅಂಟು ಅಂಟು ಅಲ್ವಾ? ಸೋಪು ಹಾಕಿ ಒರೆಸಿಬಿಡೋಣ ಅಂದೆ. ಇವರು ಬಿಡಲಿಲ್ಲ. ದಾಖಲೆ ತೊಳೆದು ಹೋಗತ್ತಂತೆ."

ರೆನಾಟಾ ನಗಲಿಲ್ಲ.  ಲೀಗಿನಲ್ಲಿ ಚೆಂಡಿಗೆ ಅಂಟು ಹಚ್ಚುವುದು ದೊಡ್ಡ ಅಪರಾಧ. ಆಟಕ್ಕೆ ಮುಂಚೆ ಅಂಪೈರ್‌ಗಳು ಎಲ್ಲ ಚೆಂಡನ್ನೂ ಪರೀಕ್ಷಿಸುತ್ತಾರೆ, ಆಗ ಹಚ್ಚಿದರೆ ಸಿಕ್ಕಿಬೀಳುತ್ತಾರೆ. ಆದರೆ ಹಿಮ ಬೀಳುವಾಗ ಪ್ರತಿ ಎಸೆತಕ್ಕೂ ಮುಂಚೆ ಒದ್ದೆ ಚೆಂಡನ್ನು ಬದಲಾಯಿಸಬೇಕು, ಗೆರೆಯ ಪಕ್ಕದಲ್ಲಿ ಒಬ್ಬ ಟವೆಲ್ಲಿನಿಂದ ಒರೆಸಿ ಒರೆಸಿ ಕೊಡುತ್ತಿರಬೇಕು. ಚಳಿಗೆ ಅಂಪೈರ್‌ಗಳೂ ಗ್ಲೌಸ್ ಹಾಕಿಕೊಂಡಿರುತ್ತಾರೆ, ಅಂಟಿದ್ದರೂ ತಿಳಿಯುವುದಿಲ್ಲ. ಗೋಂದು ಟವೆಲ್ಲಿನಲ್ಲಿತ್ತು.

ಹ್ಯಾಮರ್ಸ್ ತಂಡಕ್ಕೆ ಚೆಂಡು ಒರೆಸಿ ಕೊಡುವವನು ಎಮಿಲ್.

ತಮ್ಮನನ್ನು ಬಿಡಿಸಲು ಹೊರಟವಳ ಕೈಗೆ ಸಿಕ್ಕಿದ್ದು ತಮ್ಮನ ಕುತ್ತಿಗೆಗೇ ಹಗ್ಗ. ರೆನಾಟಾ ಚೆಂಡನ್ನು ಸಂಚಿಯೊಳಗೆ ಹಾಕಿಕೊಂಡು, ಆರ್ಡಿತ್ ಸುರಿದಿಟ್ಟ ಕಾಫಿಯನ್ನು ನಿಂತೇ ಕುಡಿದು ಹೊರಗೆ ಬಂದಳು. ಸರೋವರದ ಕಡೆಯಿಂದ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಕಾರಿನ ಗಾಜಿನ ಮೇಲಿನ ಮಂಜು ಕೆರೆಯುತ್ತ ಅವಳು ಒಂದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅಂಟು ಯಾಕೆ ಬೇಕಾಯಿತು?

ಕ್ರೌಡರ್ ಇದೇ ಊರಿನ ಹಿಮದಲ್ಲಿ ಹದಿನೈದು ಚಳಿಗಾಲ ಚೆಂಡೆಸೆದವನು. ಯಾವ ಅಂಟೂ ಇಲ್ಲದೆ ಎಸೆದವನು. ಹಾಗಾದರೆ ಬದಲಾಗಿದ್ದು ಹಿಮವಲ್ಲ. ಈಚೆಗೆ ಅವನು ಯಾರ ಕೈಯನ್ನೂ ಕುಲುಕುತ್ತಿರಲಿಲ್ಲ, ಮೊಣಕೈ ತಾಗಿಸಿ ನಗುತ್ತಿದ್ದ. ಶೀತಜ್ವರದ ಭಯವಂತೆ ಎಂದು ಊರವರು ತಾವೂ ಮೊಣಕೈ ತಾಗಿಸತೊಡಗಿದ್ದರು.

ಈ ಊರಿನಲ್ಲಿ ಕ್ರೌಡರ್‌ನನ್ನು ಸಂಶಯಿಸುವುದೂ ಒಂದೇ, ಚರ್ಚಿನಲ್ಲಿ ಸೀಟಿ ಹೊಡೆಯುವುದೂ ಒಂದೇ. ಅದರಲ್ಲೂ ಈ ಭಾನುವಾರದ ಆಟ ಗೆದ್ದರೆ ಹ್ಯಾಮರ್ಸ್ ಮೊಟ್ಟಮೊದಲ ಸಲ ಲೀಗಿನ ಫೈನಲ್ ಆದ ಸೂಪರ್ ಬೌಲ್‌ಗೆ ಹೋಗುವುದಿತ್ತು. ಪೊಲೀಸ್ ಕೆಲಸ ಬಿಟ್ಟು ಖಾಸಗಿಯಾಗಿ ಪತ್ತೇದಾರಿಕೆ ಮಾಡಿಕೊಂಡಿದ್ದ ರೆನಾಟಾಳ ಮಾತನ್ನು, ಅದೂ ಆರೋಪಿಯ ಅಕ್ಕನ ಮಾತನ್ನು, ಯಾರು ಕೇಳುತ್ತಾರೆ?

ಕಾರು ಸ್ಟಾರ್ಟ್ ಮಾಡಿದಳು. ಶುಕ್ರವಾರ ಬೆಳಿಗ್ಗೆ ಕ್ರೌಡರ್ ಎಲ್ಲಿರುತ್ತಾನೆಂದು ಊರಿಗೆಲ್ಲ ಗೊತ್ತು.

* * *

ಮೈದಾನದಲ್ಲಿ ತನ್ನನ್ನು ಕಾಯುವ ಐದು ಜನ ದೈತ್ಯರಿಗೆ ಪ್ರತಿ ಶುಕ್ರವಾರ ಕ್ವಾರ್ಟರ್‌ಬ್ಯಾಕ್ ತಿಂಡಿ ಕೊಡಿಸಬೇಕು. ಕ್ರೌಡರ್ ಇದನ್ನು ಒಂದು ವಾರವೂ ತಪ್ಪಿಸಿದವನಲ್ಲ. ಬಂದರು ರಸ್ತೆಯ ಡೈನರ್‌ನಲ್ಲಿ ಹಿಂದಿನ ಮೇಜು ಅವರದ್ದೇ.

ರೆನಾಟಾ ಒಳಗೆ ಕಾಲಿಟ್ಟಾಗ ಐವರೂ ಪ್ಯಾನ್‌ಕೇಕಿನ ರಾಶಿಯ ಮುಂದೆ ತಲೆ ತಗ್ಗಿಸಿ ಕೂತಿದ್ದರು. ಅವಳು ಹತ್ತಿರ ಬಂದದ್ದೇ ತಡ, ತುದಿಯಲ್ಲಿದ್ದವನು ಎದ್ದು ನಿಂತ. ಅವಳಿಗೆ ಎದುರಿನ ಕಿಟಕಿ ಕಾಣಿಸದಂತಾಯಿತು.

"ಅಕ್ಕಾ, ತಿಂಡಿ ಹೊತ್ತಲ್ಲಿ ಆಟೋಗ್ರಾಫ್ ಇಲ್ಲ."

"ನೀನು ತಳ್ಳಿದರೆ ನಾನು ಬೀಳ್ತೀನಿ ಕಣಪ್ಪ. ಆದರೆ ಈ ಸಂಚಿಯಲ್ಲಿರೋದು ನಿಮ್ಮ ಭಾನುವಾರದ ಮೇಲೆ ಬೀಳತ್ತೆ. ಕ್ರೌಡರ್ ಅವರನ್ನೇ ಕೇಳು, ತಳ್ಳಲಾ ಬೇಡವಾ ಅಂತ."

ಕ್ರೌಡರ್ ತಲೆಯೆತ್ತಿದ. ಅವಳನ್ನು ಗುರುತಿಸಿದ. ಎಮಿಲ್‌ನ ಮನೆಯಲ್ಲಿ ಕ್ರಿಸ್‌ಮಸ್‌ಗೆ ಎರಡು ಮೂರು ಸಲ ಒಟ್ಟಿಗೆ ಉಂಡವರು ಅವರು. ಅವನು ಗೆಳೆಯರಿಗೆ ಬೇರೆ ಮೇಜಿಗೆ ಹೋಗಿ ಎಂದು ಸನ್ನೆ ಮಾಡಿದ. ಐವರೂ ತಟ್ಟೆಗಳ ಸಮೇತ ಎದ್ದು ಹೋದರು. ಹೋದರೂ ಅವರ ಕಣ್ಣೆಲ್ಲ ಇತ್ತಲೇ.

ಎಮಿಲ್ ಹೇಗಿದ್ದಾನೆ ಎಂದು ಅವನು ಕೇಳಿದ. ತನಗೂ ಗೊತ್ತಿಲ್ಲ ಎಂದಳು ರೆನಾಟಾ. ಮನೆಯವರಿಗೆ ಭೇಟಿ ಶನಿವಾರವೇ, ಅಲ್ಲಿಯವರೆಗೆ ಅವನ ಬಳಿಗೆ ಹೋಗಿಬರುವವರು ವಕೀಲರೊಬ್ಬರೇ. ಆ ವಕೀಲ ಪ್ರೆಸ್ಕಾಟ್ ಗೇಲ್‌ನನ್ನು ಕ್ಲಬ್ಬೇ ಗೊತ್ತುಮಾಡಿತ್ತು, ನಮ್ಮ ಹುಡುಗನನ್ನು ನಾವು ಕೈಬಿಡುವುದಿಲ್ಲ ಎಂದು. ಅವಳು ಆ ಉಪಕಾರಕ್ಕೆ ಕ್ಲಬ್ಬಿನ ಅಧ್ಯಕ್ಷನ ಕೈ ಹಿಡಿದು ಅತ್ತಿದ್ದಳು.

ಅಷ್ಟರಲ್ಲಿ ಡೈನರ್‌ನ ಹೆಂಗಸು ಎರಕದ ಬಾಣಲಿಯೊಂದನ್ನು ತಂದಿಟ್ಟಳು. ಒಲೆಯೊಳಗಿಂದ ಆಗಷ್ಟೇ ತೆಗೆದ ಮೊಟ್ಟೆ, ಆಲೂಗಡ್ಡೆ ಇನ್ನೂ ಚಟಗುಟ್ಟುತ್ತಿತ್ತು. ಹಿಡಿಗೆ ದಪ್ಪ ಬಟ್ಟೆ ಸುತ್ತಿತ್ತು. "ಕೆಂಡ ಇದ್ದಂಗಿದೆ, ಹುಷಾರು," ಎಂದು ಹೇಳಿ ಅವಳು ಹೋದಳು. ಕ್ರೌಡರ್ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವನ ಕಣ್ಣು ರೆನಾಟಾಳ ಸಂಚಿಯ ಮೇಲಿತ್ತು.

ರೆನಾಟಾ ಬಟ್ಟೆಯನ್ನು ಮೆಲ್ಲಗೆ ಬಿಚ್ಚಿ ಪಕ್ಕಕ್ಕಿಟ್ಟಳು. ಹಿಡಿಯನ್ನು ಅವನ ಕಡೆಗೆ ತಿರುಗಿಸಿದಳು.

"ತಿನ್ನಿ. ಆರಿ ಹೋಗತ್ತೆ."

ಅವನು ಸಂಚಿಯಿಂದ ಕಣ್ಣು ತೆಗೆಯದೆ ಬಲಗೈ ಚಾಚಿ ಹಿಡಿಯನ್ನು ಹಿಡಿದು ಬಾಣಲಿಯನ್ನು ತನ್ನತ್ತ ಎಳೆದುಕೊಂಡ. ಹಿಡಿದೇ ಇದ್ದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಸುಟ್ಟ ಚರ್ಮದ ವಾಸನೆ ಮೊದಲು ಬಡಿದದ್ದು ರೆನಾಟಾಳ ಮೂಗಿಗೆ. ಅವಳೇ ಗಾಬರಿಯಾಗಿ ಅವನ ಮಣಿಕಟ್ಟು ಹಿಡಿದು ಕೈಯನ್ನು ಕಿತ್ತಳು.

ಅಂಗೈಗೆ ಅಡ್ಡವಾಗಿ ಬಿಳಿಯ ಬರೆ ಎದ್ದಿತ್ತು. ಕ್ರೌಡರ್ ಅದನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿದ.

ರೆನಾಟಾಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಗ್ಲಾಸಿನ ತಣ್ಣೀರನ್ನು ಅವನ ಅಂಗೈಗೆ ಸುರಿದು ಕರವಸ್ತ್ರ ಸುತ್ತಿದಳು. ಆ ಐವರಲ್ಲಿ ಒಬ್ಬ ಏಳಲು ಹೊರಟ. ಕ್ರೌಡರ್ ಎಡಗೈ ಎತ್ತಿ ಕೂರಿಸಿದ.

"ಎಷ್ಟು ದಿನದಿಂದ?" ಅವಳು ಕೇಳಿದಳು.

"ನವೆಂಬರ್‌ನಿಂದ. ಕುತ್ತಿಗೆ ನರ." ದನಿ ತೀರಾ ತಗ್ಗಿತ್ತು. "ಬಿಸಿ, ನೋವು ಯಾವುದೂ ತಿಳಿಯಲ್ಲ. ಚಳಿ ಜಾಸ್ತಿ ಆದ್ರೆ ಬೆರಳು ಇದೆಯೋ ಇಲ್ವೋ ಅಂತಾನೇ ಗೊತ್ತಾಗಲ್ಲ. ಡಾಕ್ಟರಿಗೆ ಹೇಳಿದ್ರೆ ಅವತ್ತೇ ನನ್ನ ಆಟ ಮುಗೀತು. ಎಮಿಲ್‌ಗೆ ಮಾತ್ರ ಗೊತ್ತಿತ್ತು."

"ಟವೆಲ್‌ಗೆ ಗೋಂದು ಹಚ್ಚು ಅಂದಿದ್ದು ನೀವಾ?"

"ನಾನು ಕೇಳಲಿಲ್ಲ. ಅವನೇ ಮಾಡಿದ." ಕ್ರೌಡರ್ ಕರವಸ್ತ್ರದತ್ತ ನೋಡಿದ. "ಬೇಡ ಅಂತಾನೂ ಅನ್ನಲಿಲ್ಲ."

ಉಳಿದದ್ದನ್ನು ಅವನು ತುಂಡು ತುಂಡಾಗಿ ಹೇಳಿದ. ದಾಖಲೆಯ ಆಟದಲ್ಲಿ ಹಿಮ ಜೋರಾದ ಮೇಲೆ ಎಮಿಲ್ ಆ ಟವೆಲ್ಲು ಹೊರಗೆ ತೆಗೆದಿದ್ದ. ಅದಾದ ಮೇಲಿನ ಎರಡು ಆಟಗಳಲ್ಲೂ ಅದೇ ನಡೆಯಿತು. ಈ ಬುಧವಾರ ಒಗೆಯುವ ಬಟ್ಟೆಯ ರಾಶಿಯಲ್ಲಿ ಓರ್ವಿಲ್‌ಗೆ ಅದು ಸಿಕ್ಕಿತು. ದಾಖಲೆಯ ಚೆಂಡನ್ನು ಗಾಜಿನಿಂದ ತೆಗೆದು ಲೀಗಿಗೆ ಕಳಿಸುತ್ತೇನೆ, ಪರೀಕ್ಷೆಯಾಗಲಿ ಎಂದ. ನೀನೇ ಹೋಗಿ ಹೇಳಿಕೋ ಎಂದು ಎಮಿಲ್‌ಗೆ ಸಂಜೆಯವರೆಗೆ ಸಮಯ ಕೊಟ್ಟ. ಸಂಜೆಗೆ ಮುಂಚೆ ಓರ್ವಿಲ್ ನೆಲದ ಮೇಲೆ ಬಿದ್ದಿದ್ದ.

"ಗಾಜಿನೊಳಗಿರೋದು ಆ ಚೆಂಡಲ್ಲ," ಎಂದಳು ರೆನಾಟಾ. ಸಂಚಿಯ ಬಾಯಿ ತೆರೆದು ತೋರಿಸಿದಳು.

ಕ್ರೌಡರ್ ಅದನ್ನು ನೋಡಿದ. ಊರಿಗೆ ಊರೇ ಹೆಗಲ ಮೇಲೆ ಹೊತ್ತು ಮೆರೆಸಿದ ಮನುಷ್ಯ, ಆ ಒಂದು ಗಳಿಗೆಯಲ್ಲಿ ಹತ್ತು ವರ್ಷ ಮುದುಕನಂತೆ ಕಂಡ.

"ಪೊಲೀಸರಿಗೆ ಕೊಡ್ತೀರಾ?"

"ಕೊಟ್ಟರೆ ನಿಮ್ಮ ದಾಖಲೆ ಹೋಗತ್ತೆ, ಗೆದ್ದ ಆಟಗಳೂ ಹೋಗತ್ತೆ."

"ಜೊತೆಗೆ ನಿಮ್ಮ ತಮ್ಮನೂ ಹೋಗ್ತಾನೆ ರೆನಾಟಾ. ಓರ್ವಿಲ್ ಬಾಯಿ ಮುಚ್ಚಿಸೋಕೆ ಅವನಿಗಿಂತ ಹೆಚ್ಚು ಕಾರಣ ಯಾರಿಗಿತ್ತು?"

"ನಿಮಗಿತ್ತು."

 ಗೋಡೆಯ ಗಡಿಯಾರದಲ್ಲಿ ಹನ್ನೊಂದು ದಾಟಿತ್ತು. ಅವಳ ಕಣ್ಣು ಅತ್ತ ಹೋದದ್ದನ್ನು ಅವನೂ ಗಮನಿಸಿದ. ಎದುರಾಳಿ ಕಾಲು ಯಾವ ಕಡೆ ಇಡುತ್ತಾನೆಂದು ಕಣ್ಣು ನೋಡಿಯೇ ಹೇಳುವುದು ಅವನ ಕಸುಬು.

"ಬುಧವಾರ ಮಧ್ಯಾಹ್ನ ಎಮಿಲ್ ನನ್ನ ಜೊತೆ ಇದ್ದ," ಎಂದ. "ನನ್ನ ಕಾರಲ್ಲಿ, ಸರೋವರದ ಹತ್ತಿರ. ಈ ಕೈಗೆ ಎಣ್ಣೆ ತಿಕ್ಕಿ ಬೆಚ್ಚಗೆ ಮಾಡ್ತಾ ಇದ್ದ. ವಾಪಸು ಬಂದಾಗ ಓರ್ವಿಲ್ ಆಗಲೇ ಬಿದ್ದಿದ್ದ. ಎಮಿಲ್ ಹೋಗಿ ಎತ್ತೋಕೆ ನೋಡಿದ, ಅದಕ್ಕೇ ಕೈಗೆ ರಕ್ತ ಆಗಿದ್ದು. ನ್ಯಾಯಾಧೀಶರ ಮುಂದೆ ಬಂದು ಹೇಳ್ತೀನಿ. ನನ್ನ ಮಾತನ್ನ ಈ ಊರಲ್ಲಿ ಯಾರೂ ತೆಗೆದುಹಾಕಲ್ಲ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಕಾರಲ್ಲಿ ಏನು ಮಾಡ್ತಿದ್ರಿ ಅಂತ ಕೇಳ್ತಾರಲ್ಲ. ಮೊದಲು ಎಮಿಲ್ ಹೇಳಲಿ ಅಂತ ಕಾಯ್ತಿದ್ದೆ. ಈಗ ಏನಾದ್ರೂ ಕಟ್ಟಿ ಹೇಳ್ತೀನಿ. ನೀವು ಚೆಂಡು ನನಗೆ ಕೊಡಿ. ಭಾನುವಾರದವರೆಗೆ ಸುಮ್ಮನಿರಿ. ಅಷ್ಟೇ ಕೇಳೋದು. ಒಂದೇ ಒಂದು ಆಟ."

ರೆನಾಟಾ ಅವನ ಮುಖವನ್ನೇ ನೋಡುತ್ತ ಕೂತಳು. ಎಮಿಲ್ ಇವನ ಜೊತೆ ಇದ್ದನೆಂದರೆ ಇವನೂ ಎಮಿಲ್‌ನ ಜೊತೆ ಇದ್ದಂತಾಯಿತು. ಒಂದೇ ಮಾತಿಗೆ ಇಬ್ಬರೂ ಪಾರು. ನಿಜವೇ ಎಂದು ಕೇಳಬೇಕೆನ್ನಿಸಿತು. ಸುಳ್ಳೆಂದರೆ ಏನು ಮಾಡುತ್ತೀ ಎಂದು ಒಳಗಿನಿಂದಲೇ ಮರುಪ್ರಶ್ನೆ ಬಂತು. ಪೊಲೀಸ್ ಅಧಿಕಾರಿಯಾಗಿದ್ದಾಗ ಇಂಥ ಮಾತು ಆಡಿದವರನ್ನು ಅವಳು ಎದುರು ಕೂರಿಸಿಕೊಂಡು ಬೆವರಿಳಿಸಿದ್ದಳು. ಈಗ ಕಣ್ಣ ಮುಂದೆ ಬರುತ್ತಿದ್ದದ್ದು ಅದಲ್ಲ. ಅಮ್ಮ ತೀರಿಕೊಂಡ ಮೇಲೆ ಅವಳೇ ತಲೆ ಬಾಚಿ ಶಾಲೆಗೆ ಕಳಿಸುತ್ತಿದ್ದ ತಮ್ಮ, ಕಿತ್ತಳೆ ಬಣ್ಣದ ಜೈಲು ಅಂಗಿಯಲ್ಲಿ.

ಅವಳು ಸಂಚಿಯನ್ನು ಮೇಜಿನ ಮೇಲೆ ಅವನತ್ತ ತಳ್ಳಿದಳು. ಆರ್ಡಿತ್‌ಗೆ ಕೊಟ್ಟ ಮಾತು ನೆನಪಾಗಿ ನಾಚಿಕೆಯಾಯಿತು. ಆದರೂ ತಳ್ಳಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಗೇಲ್‌ಗೆ ಈಗಲೇ ಫೋನ್ ಮಾಡ್ತೀನಿ," ಎಂದಳು. "ನೀವು ಎದ್ದು ಹೋಗೋ ಹಾಗಿಲ್ಲ."

ವಕೀಲ ಮೊದಲ ಗಂಟೆಗೇ ಎತ್ತಿದ. ಅವಳು ಬಾಯಿ ತೆರೆಯುವ ಮುಂಚೆಯೇ, ನಾನೇ ನಿಮಗೆ ಮಾಡಬೇಕೆಂದಿದ್ದೆ ಎಂದ. ಅವನ ದನಿ ಮೆತ್ತಗೆ, ಬೆಣ್ಣೆಯ ಹಾಗಿತ್ತು.

"ಎಮಿಲ್ ಬೆಳಿಗ್ಗೆ ಹೇಳಿಕೆ ಕೊಟ್ಟುಬಿಟ್ಟಿದ್ದಾನೆ ಮೇಡಂ. ತಾನೇ ಹೊಡೆದೆ ಅಂತ ಒಪ್ಪಿಕೊಂಡು ಸಹಿ ಹಾಕಿದ. ಎರಡು ಗಂಟೆಗೆ ನ್ಯಾಯಾಧೀಶರ ಮುಂದೆ ಅದನ್ನೇ ಹೇಳ್ತಾನೆ. ನನ್ನನ್ನ ಕೇಳಿದರೆ ಅದೇ ಸರಿ. ಒಪ್ಪಿಕೊಂಡರೆ ಶಿಕ್ಷೆ ಕಡಿಮೆಯಾಗತ್ತೆ."

ಡೈನರ್‌ನ ಗದ್ದಲವೆಲ್ಲ ಒಮ್ಮೆ ದೂರ ಸರಿದಂತಾಯಿತು. 

ಎದುರಿಗೆ ಕ್ರೌಡರ್ ಮುಂದಕ್ಕೆ ಬಾಗಿದ್ದ. ಏನಂತೆ, ಎಂದು ತುಟಿಯಲ್ಲೇ ಕೇಳಿದ.

ಹಳೇ ಕಸುಬು ಎಲ್ಲಿಗೆ ಹೋಗುತ್ತದೆ? ರೆನಾಟಾ ಫೋನನ್ನು ಕಿವಿಯಿಂದ ತುಸು ಸರಿಸಿ ತಣ್ಣಗೆ ಒಂದು ಸುಳ್ಳು ಹೇಳಿದಳು.

"ಬುಧವಾರ ನಿಮ್ಮ ಜೊತೆ ಇದ್ದೆ ಅಂತ ಎಮಿಲ್ ಹೇಳಿದ್ದಾನಂತೆ."

ಕ್ರೌಡರ್ ಬೆನ್ನನ್ನು ಕುರ್ಚಿಗೆ ಆನಿಸಿ ಉಸಿರು ಬಿಟ್ಟ. ಅವನ ಕಣ್ಣಲ್ಲಿ ನಿಜವಾಗಿಯೂ ನೀರು ತುಂಬಿತ್ತು.

"ಸದ್ಯ, ಬದುಕಿದೆ. ಅವನು ಹೇಳಲ್ವೇನೋ ಅಂತಿದ್ದೆ. ನಿಜ ಹೇಳಿಬಿಡು, ನನ್ನ ಕೈ ವಿಷಯ ಹೊರಗೆ ಬಂದರೂ ಪರವಾಗಿಲ್ಲ, ನೀನು ಒಳಗಿರಬೇಡ ಅಂತ ನಿನ್ನೆ ಬೆಳಿಗ್ಗೇನೇ ಗೇಲ್ ಕೈಲಿ ಹೇಳಿ ಕಳಿಸಿದ್ದೆ. ತಲುಪಿಸಿದ್ದೀನಿ, ಹುಡುಗ ಯೋಚನೆ ಮಾಡ್ತಿದ್ದಾನೆ, ಅಲ್ಲೀವರೆಗೆ ಯಾರ ಹತ್ರಾನೂ ಬಾಯಿ ಬಿಡಬೇಡಿ ಅಂದ ಗೇಲ್."

 ತಮ್ಮನಿಗೂ ಹೊರಗಿನ ಲೋಕಕ್ಕೂ ನಡುವೆ ಇದ್ದದ್ದು ಒಂದೇ ಬಾಯಿ, ಗೇಲ್‌ನದು. ಬಿಡುಗಡೆಯ ಮಾತನ್ನು ಹೊತ್ತು ಆ ಮನುಷ್ಯ ಒಳಗೆ ಹೋಗಿದ್ದ. ಹೊರಗೆ ಬರುವಾಗ ಅವನ ಕೈಯಲ್ಲಿದ್ದದ್ದು ಎಮಿಲ್‌ನ ಸಹಿ. ಒಳಗೆ ಅವನು ಎಮಿಲ್‌ನ ಕಿವಿಯಲ್ಲಿ ಹೇಳಿದ್ದೇನು? ಯಾರ ಪರವಾಗಿ ಹೇಳಿದ?

ಕಿವಿಯ ಬಳಿ ಫೋನು ಇನ್ನೂ ಜೀವಂತವಾಗಿತ್ತು.

"ಮೇಡಂ," ಎಂದ ಗೇಲ್. ದನಿಯಲ್ಲಿದ್ದ ಬೆಣ್ಣೆ ಕರಗಿಹೋಗಿತ್ತು. "ಪಕ್ಕದಲ್ಲಿ ಯಾರೋ ಮಾತಾಡಿದ ಹಾಗಾಯ್ತು. ಯಾರದು?"

"ಯಾರೂ ಇಲ್ಲ. ಡೈನರ್‌ನಲ್ಲಿದ್ದೀನಿ."

 ನಂಬಿದನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

"ಹಾಗಿದ್ದರೆ ಕೂತುಕೊಂಡೇ ಕೇಳಿ," ಎಂದ. "ಆಸ್ಪತ್ರೆಯಿಂದ ಈಗ ತಾನೇ ಸುದ್ದಿ ಬಂತು. ಓರ್ವಿಲ್ ಟ್ಯಾಗರ್ಟ್ ತೀರಿಕೊಂಡ. ಎಮಿಲ್ ಬೆಳಿಗ್ಗೆ ಸಹಿ ಹಾಕಿದ್ದು ಹೊಡೆದಾಟದ ಕಾಗದಕ್ಕೆ. ಎರಡು ಗಂಟೆಗೆ ಅದನ್ನ ಕೊಲೆ ಅಂತ ಓದ್ತಾರೆ."